ಎರಡನೆಯ ಗೆರೆ

ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕನಿಗೆ,

ಫೋನ್ ಮಾಡುವುದು ಬಿಟ್ಟು ಇವಳ್ಯಾಕೆ ಕಾಗದ ಬರೆದಳು ಅಂತ ನಿನಗೆ ಅನ್ನಿಸಿರುತ್ತದೆ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಕೊಳ್ಳುತ್ತೇನೆ. ಚಿಕ್ಕಂದಿನಿಂದ ನಡೆದು ಬಂದದ್ದೇ ಹೀಗೆ. ಕಂಪ್ಯೂಟರಿನಲ್ಲಿ ಬರೆಯೋಣವೆಂದರೆ ಅದರ ಮೇಲೆ ನಂಬಿಕೆ ಹೋಗಿದೆ. ಭಾವ ಮನೆಯಲ್ಲಿ ಇಲ್ಲದಾಗ ಒಬ್ಬಳೇ ಕೂತು ಓದು.

ನಮ್ಮ ಆಫೀಸನ್ನು ನೀನು ನೋಡಿಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲೆ ಮೂರು ಕೋಣೆ, ನಾಲ್ಕು ಜನ: ಸಾಹೇಬರು, ಟೈಪಿಸ್ಟ್, ನಕ್ಷೆ ಬರೆಯುವ ಪೆನ್ಸಿಲ್, ನಾನು. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ಅವರಿಗೆ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಊರಿನ ಮೇಲ್ಗಡೆ ಮಣ್ಣಿನ ಅಣೆಕಟ್ಟಿದೆ. ಅದರ ಬುಡದಲ್ಲಿ ಜಿನುಗುವ ನೀರನ್ನು ಕಾವಲುಗಾರ ದಿನವೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಾನೆ. ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಅಲ್ಲಿಂದ ಅದು ಮುಖ್ಯ ಕಚೇರಿಗೆ, ಭಾವನ ವಿಭಾಗಕ್ಕೆ ಹೋಗುತ್ತದೆ. ಜಿನುಗು ನಿಮಿಷಕ್ಕೆ ಹನ್ನೆರಡು ಲೀಟರ್ ದಾಟಿದರೆ ತೂಬು ತೆರೆದು ನೀರು ಇಳಿಸಲೇಬೇಕು. ಕಟ್ಟೆಯ ಕೆಳಗೆ ಇನ್ನೂರು ಮನೆಗಳಿವೆ.

ಹೋದ ವರ್ಷ ಭಾವನೇ ಬಂದು ಹೊಸ ಯಂತ್ರ ಕೂರಿಸಿ ಹೋದರು. ಒಂದೇ ಡಬ್ಬದಲ್ಲಿ ಎರಡು ಪ್ರೊಸೆಸರ್. "ಒಂದು ನಿಮ್ಮ ನಾಲ್ಕೂ ಮೇಜಿನ ಕೆಲಸ ನೋಡ್ಕೊಳ್ಳುತ್ತೆ, ಇನ್ನೊಂದು ದೊಡ್ಡ ಲೆಕ್ಕ ಬಂದಾಗ ಮಾತ್ರ ಏಳುತ್ತೆ," ಅಂದಿದ್ದರು. ಅದರಿಂದಲೇ ನಮ್ಮೆಲ್ಲರ ಮೇಜಿಗೂ ನೀಲಿ ಕೇಬಲ್ ಎಳೆದಿದ್ದಾರೆ. ಎರಡೂ ಎಷ್ಟೆಷ್ಟು ದುಡಿಯುತ್ತಿವೆ ಅಂತ ಡಬ್ಬದ ಮೇಲಿನ ತೆರೆಯ ಮೂಲೆಯಲ್ಲಿ ಎರಡು ಗೆರೆ ತೋರಿಸುತ್ತವೆ. ಮೊದಲನೆಯದು ದಿನವಿಡೀ ಏರುತ್ತ ಇಳಿಯುತ್ತ ಇರುತ್ತದೆ. ಎರಡನೆಯದು ನೆಲಕ್ಕಂಟಿಕೊಂಡು ಮಲಗಿರುತ್ತಿತ್ತು.

ಎರಡು ತಿಂಗಳ ಹಿಂದೆ ಅದು ಏಳತೊಡಗಿತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಹತ್ತು ನಿಮಿಷ. ಡಬ್ಬದ ಫ್ಯಾನ್ ಗೊರಗೊರ ಅನ್ನುವುದು. ಆಗ ಆಫೀಸಿನಲ್ಲಿ ಇರುತ್ತಿದ್ದವರು ನಾವಿಬ್ಬರೇ, ನಾನು ಮತ್ತು ಪೆನ್ಸಿಲ್. ನಾನು ಹತ್ತಿರ ಹೋದರೆ ಅವರು ತಟ್ಟನೆ ತಮ್ಮ ತೆರೆ ಮುಚ್ಚುತ್ತಿದ್ದರು. ಒಂದು ದಿನ ಅನುಮಾನಕ್ಕೆ ಹಳೆಯ ಅಂಕಿಗಳನ್ನು ತೆಗೆದು ನೋಟ್‌ಬುಕ್ಕಿನೊಂದಿಗೆ ಹೋಲಿಸಿದೆ. ನಾನು ಹದಿನಾಲ್ಕು ಹಾಕಿದ ಕಡೆ ಹನ್ನೊಂದು ಇತ್ತು. ಒಂದಲ್ಲ, ಇಪ್ಪತ್ತಾರು ದಿನಗಳದ್ದು.

ಅವತ್ತು ಸಂಜೆ ನಿನಗೆ ಫೋನ್ ಮಾಡಿ, ಆಫೀಸಿನಲ್ಲಿ ಯಾರೋ ಅಂಕಿ ತಿದ್ದುತ್ತಿದ್ದಾರೆ ಅಂತಷ್ಟೇ ಹೇಳಿದೆ. ಮಾರನೇ ದಿನ ನೀನೇ ತಿರುಗಿ ಫೋನ್ ಮಾಡಿದೆ. "ಆ ನಕ್ಷೆಯವನು ಬೇಗ ಬಂದು ಕೂರ್ತಾನಂತಲ್ಲ, ಅವನ ಮೇಲೊಂದು ಕಣ್ಣಿಡು. ಸುಮ್ನಿದ್ರೆ ನಿನ್ನ ತಲೆಗೇ ಬರುತ್ತೆ," ಅಂದೆ. ನನಗೆ ಅಷ್ಟು ಸಾಕಾಯಿತು. ಸಾಹೇಬರಿಗೆ ದೂರು ಬರೆದು ಸಹಿ ಹಾಕಿದೆ. ಪೆನ್ಸಿಲ್ ಜಗಳ ಆಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟು, ವಿಚಾರಣೆ ಮುಗಿಯುವವರೆಗೆ ಬರಬೇಡಿ ಅಂದದ್ದಕ್ಕೆ ತಲೆಯಾಡಿಸಿ ಹೋದರು.

ಹೋದ ಸೋಮವಾರ ಒಂಬತ್ತಕ್ಕೆ ನಾನೊಬ್ಬಳೇ ಇದ್ದೆ. ಪೆನ್ಸಿಲ್ ಅವರ ಕುರ್ಚಿ ಖಾಲಿ, ಅವರ ಕಂಪ್ಯೂಟರ್ ಬಂದ್. ಎರಡನೆಯ ಗೆರೆ ಎದ್ದಿತು.

ನಾನು ಎಷ್ಟು ಹೊತ್ತು ಹಾಗೇ ನೋಡುತ್ತ ನಿಂತಿದ್ದೆನೋ. ಮಂಗಳವಾರವೂ ಎದ್ದಾಗ ಮೊದಲು ನಮ್ಮ ನಾಲ್ಕೂ ಮೇಜಿನ ಕೇಬಲ್ ಕಿತ್ತೆ. ಗೆರೆ ಜಗ್ಗಲಿಲ್ಲ. ಗೋಡೆಯಿಂದ ಮುಖ್ಯ ಕಚೇರಿಗೆ ಹೋಗುವ ಕೇಬಲ್ ಕಿತ್ತೆ. ಧೊಪ್ಪನೆ ಬಿತ್ತು. ಆಮೇಲೆ ಯಾರು ಯಾವಾಗ ಒಳಗೆ ಬಂದರು ಅಂತ ಯಂತ್ರವೇ ಬರೆದಿಟ್ಟುಕೊಳ್ಳುವ ಪಟ್ಟಿ ತೆರೆದೆ. ಪ್ರತಿದಿನ ಒಂಬತ್ತಕ್ಕೆ ಒಂದೇ ಹೆಸರು, ಭಾವನದ್ದು. ಅವರು ಹಿಂದಿನ ದಿನದ ಅಂಕಿ ತಿದ್ದಿ, ಅದು ಎದ್ದು ಕಾಣದಂತೆ ಇಡೀ ವರ್ಷದ ಲೆಕ್ಕವನ್ನು ಮತ್ತೆ ಹಾಕಿಸುತ್ತಿದ್ದರು. ಯಂತ್ರ ಏದುಸಿರು ಬಿಡುತ್ತಿದ್ದುದು ಅದಕ್ಕೆ.

ಬೇರೆ ಯಾರೋ ಭಾವನ ಹೆಸರಿನಲ್ಲಿ ಬಂದಿರಬಹುದು ಅಂತ ಅವರಿಗೇ ಫೋನ್ ಮಾಡಿದೆ. ಇಲ್ಲ ಅನ್ನಲಿ ಅಂತ ಎಷ್ಟು ಬಯಸಿದ್ದೆ ಗೊತ್ತಾ. ಅವರು, "ಕಟ್ಟೆ ಗಟ್ಟಿಯಾಗಿದೆ ಅಂತ ಬೇಸಿಗೆಯಲ್ಲೇ ಸಹಿ ಹಾಕಿ ಕೊಟ್ಟಿದೀನಮ್ಮ. ಈಗ ಹದಿನಾಲ್ಕು ಅಂದ್ರೆ ನನ್ನ ಗತಿ ಏನು? ನೀರು ತಾನಾಗೇ ಇಳಿಯುತ್ತೆ, ಒಂದು ತಿಂಗಳು ತಡ್ಕೋ," ಅಂದರು. ನಿಮ್ಮ ಮದುವೆಯಾದ ಹೊಸತರಲ್ಲಿ ನನಗೆ ಸೈಕಲ್ ಕಲಿಸಿದ ಅದೇ ದನಿ.

ಬುಧವಾರ ಪೆನ್ಸಿಲ್ ಅವರ ಮನೆಗೆ ಹೋದೆ. ಕಟ್ಟೆಯ ಕೆಳಗೆ ಎರಡನೇ ಬೀದಿ. ಅಲ್ಲಿ ವಾಸವಾಗಿರುವ ಮನುಷ್ಯ ಆ ಅಂಕಿಗಳನ್ನು ಯಾಕೆ ಇಳಿಸುತ್ತಾನೆ ಅಂತ ದೂರು ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಕುರ್ಚಿ ಮೇಲೆ ಬೆಕ್ಕು ಇದೆಯಾ ನೋಡ್ಕೊಳ್ಳಿ, ನನಗೆ ಸರಿಯಾಗಿ ಕಾಣಿಸಲ್ಲ," ಅಂದರು.

ಬೆಕ್ಕು ಇತ್ತು. ನಾನು ನಿಂತೇ ಇದ್ದೆ.

"ನಕ್ಷೆ ಬರೆಯೋನಿಗೆ ಕಣ್ಣು ಮಂಜಾಗ್ತಿದೆ ಅಂದ್ರೆ ಯಾರು ಇಟ್ಕೊಳ್ತಾರೆ? ಬೇಗ ಬಂದು, ಒಂದೊಂದು ಅಕ್ಷರ ಅಂಗೈಯಷ್ಟು ದೊಡ್ಡದು ಮಾಡ್ಕೊಂಡು ಕೆಲಸ ಮುಗಿಸ್ತಿದ್ದೆ. ನೀವು ಬಂದಾಗ ತೆರೆ ಮುಚ್ತಿದ್ದಿದ್ದು ಅದಕ್ಕೆ," ಅಂದರು.

ತಪ್ಪಾಯಿತು ಅಂದೆ. ಪರವಾಗಿಲ್ಲ ಅನ್ನಲಿಲ್ಲ ಅವರು. "ಮೊದ್ಲು ನೀರು ಇಳಿಸಿ. ನನ್ನ ವಿಷಯ ಆಮೇಲೆ ನೋಡೋಣ," ಅಂದರು.

ಅಲ್ಲಿಂದ ನೇರ ಆಫೀಸಿಗೆ ಬಂದು ನೋಟ್‌ಬುಕ್ಕನ್ನೂ ಯಂತ್ರದ ಪಟ್ಟಿಯನ್ನೂ ಸಾಹೇಬರ ಮುಂದಿಟ್ಟೆ. ಭಾವನ ಹೆಸರು ನೋಡಿ ಅವರು ನನ್ನ ಮುಖ ನೋಡಿದರು. ಮೇಲಧಿಕಾರಿಗಳಿಗೆ ಕಳಿಸಿ ಅಂದೆ. ಇವತ್ತು ಬೆಳಿಗ್ಗೆ ತೂಬು ತೆರೆದರು. ನಾನೂ ಹೋಗಿ ನೋಡಿ ಬಂದೆ.

ಅಕ್ಕ, ಇನ್ನು ಕೇಳಲೇಬೇಕಾದದ್ದು. ನಮ್ಮಲ್ಲಿ ನಕ್ಷೆಯವರೊಬ್ಬರಿದ್ದಾರೆ, ಬೇಗ ಬರುತ್ತಾರೆ ಅಂತ ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಹೇಳಿದ್ದು ನೆನಪಾಗುತ್ತಿಲ್ಲ. ಅದು ಗೊತ್ತಿದ್ದದ್ದು, ದಿನವೂ ಒಂಬತ್ತಕ್ಕೆ ನಮ್ಮ ಯಂತ್ರದೊಳಗೆ ಕೂತು ಯಾರ್ಯಾರ ಮೇಜಿನ ಕಂಪ್ಯೂಟರ್ ಚಾಲೂ ಇದೆ ಅಂತ ನೋಡುತ್ತಿದ್ದವರಿಗೆ. ಆ ಮಾತನ್ನು ಭಾವ ನಿನ್ನ ಬಾಯಲ್ಲಿ ಹೇಳಿಸಿದರೋ, ನೀನು ಎಲ್ಲ ಗೊತ್ತಿದ್ದೇ ಹೇಳಿದೆಯೋ? ಏನೂ ತಿಳಿಯದೆ ಹೇಳಿದ್ದರೆ ಈ ಕಾಗದ ಓದುವಾಗ ನಿನಗೆ ನನ್ನ ಮೇಲೆ ಸಿಟ್ಟು ಬಂದಿರುತ್ತದೆ. ಬಂದಿರಲಿ ಅಂತಲೇ ನನ್ನ ಆಸೆ.

ಮಕ್ಕಳಿಗೆ ಚಿಕ್ಕಮ್ಮ ಕೇಳಿದಳು ಅಂತ ಹೇಳು. ಹೇಳಬಹುದು ಅನ್ನಿಸಿದರೆ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಮೊದಲೇ ಹೇಳಿದ್ದರೆ ನೀನು ಮುಂದೆ ಓದುತ್ತಿರಲಿಲ್ಲ. ಈ ಕಾಗದದ ಒಂದು ಪ್ರತಿಯನ್ನು ವಿಚಾರಣಾಧಿಕಾರಿಗಳಿಗೆ ಕೊಟ್ಟಿದ್ದೇನೆ. ನಿನ್ನ ಫೋನಿನ ವಿಷಯ ಬರುವ ಸಾಲುಗಳನ್ನು ಮಾತ್ರ ಅದರಿಂದ ತೆಗೆದಿದ್ದೇನೆ. ಭಾವ ಮಾಡಿದ್ದೂ ಇದನ್ನೇ, ನನಗೆ ಗೊತ್ತು. ವಿಚಾರಣೆ ಹತ್ತೊಂಬತ್ತಕ್ಕೆ. ಆ ಸಾಲುಗಳನ್ನು ನೀನೇ ಬಂದು ಹೇಳುತ್ತೀಯೋ, ನಾನು ಹೇಳಬೇಕೋ, ಅಷ್ಟರೊಳಗೆ ತಿಳಿಸು.