ನಾಕ ದಿನದ ರಿಪೋರ್ಟು

ಘಟಪ್ರಭಾ,
೧೮ ನವೆಂಬರ್ ೨೦೨೪

ತಮ್ಮ ಮಾಲಿಂಗಗ ಅಕ್ಕ ಶೈಲಾನ ಆಶೀರ್ವಾದ. ಪ್ರೀತಿಯ ಅಂತ ಬರಿಯಾಕ ಈ ಸಲ ಕೈ ಒಲ್ಲೆ ಅಂತು.

ಆರಾಮ ಅದಿಯೇನು? ಎಲ್ಲಾ ಪತ್ರದಾಗ ಸುಮ್ನ ಕೇಳೂ ಮಾತಿದು, ಇವತ್ತ ಖರೇನ ಕೇಳಾಕತ್ತೇನಿ. ಜ್ವರ ಬಂದಿತ್ತೇನು? ಮೈಮ್ಯಾಲೆ ಏನರ ಎದ್ದಾವೇನು? ಇಲ್ಲಿ ಅವ್ವನ ಮಣಕಾಲ ನೋವು ಇದ್ದದ್ದ ಐತಿ. ಫೋನಿನ್ಯಾಗ ಅರ್ಧಾ ಮಾತಿಗೆ ಕಟ್ ಮಾಡ್ತಿ ಅಂತ ಇಚಲಕರಂಜಿಯ ನಿನ್ನ ಖೋಲಿಗೆ ಬರದೇನಿ. ಹರದ ಒಗಿಯೂ ಮೊದಲ ಒಮ್ಮೆ ಓದು.

ಕಲ್ಲೋಳಿಯೊಳಗ ಪದ್ಮಶ್ರೀ ಬೆರಳಿಗೆ ಉಂಗುರ ಹಾಕಿ ಬಂದ ಮರುದಿನ ನಮ್ಮನ್ಯಾಗ ಹೋಳಿಗಿ ಉಂಡ್ಯಲ್ಲಾ, ಅವತ್ತ ನಾ ಅಡಗಿ ಮನ್ಯಾಗ ಇದ್ದೆ. ನಮ್ಮನಿಯವರಿಗೆ ಮೊಬೈಲ್ ತೋರಿಸಿ ನೀ ನಗಾಕತ್ತಿದ್ದಿ. ಮಗ್ಗದ ಗೆಳ್ಯಾರ ಜೋಡಿ ಲಾಡ್ಜಿಗೆ ಹೋಗಿದ್ದೆ, ಕುಡದಿದ್ದೆ, ನಿರೋಧ್ ಗಿರೋಧ್ ನೆನಪ ಆಗ್ಲಿಲ್ಲ, ಅಂಜಿ ನಾಕನೇ ದಿನಕ್ಕ ಎಚ್‌ಐವಿ ಟೆಸ್ಟ್ ಮಾಡಿಸಿದೆ, "ನೋಡ್ರಿ ಮಾವಾ, ನೆಗೆಟಿವ್!" ಅಂದಿ. ಮ್ಯಾಲೆ ಲಾಡ್ಜಿನ್ಯಾಗಿನ ಆ ಹೆಣ್ಣಮಗಳಿಗೆ ಹೊಲಸು ಅಂತ ಬೈದಿ. ಆಕಿ ನಿನ್ನ ಮನಿಗೆ ಬಂದಿರಲಿಲ್ಲಪಾ, ನೀನ ಹೋಗಿದ್ದಿ. ನಮ್ಮನಿಯವರು "ಗಂಡಸು ಅಂದಮ್ಯಾಲೆ ಇರೂದ" ಅಂತ ಇನ್ನೊಂದು ಹೋಳಿಗಿ ನಿನ್ನ ತಾಟಿಗೆ ಹಾಕಿದ್ರು. ನನಗ ಇಬ್ಬರ ಮಾರಿ ನೋಡಾಕೂ ಹೇಸಿಗಿ ಬಂತು. ನೀ ಹೋದಮ್ಯಾಲೆ ಆ ತಾಟು ಹಿತ್ತಲಕ್ಕ ಒಗದೆ.

ಜೀವ ತಡೀಲಿಲ್ಲ, ಗೋಕಾಕದ ಸರ್ಕಾರಿ ದವಾಖಾನಿಗೆ ಹೋದೆ. ತಮ್ಮಂದು ಅನ್ನಾಕ ನಾಚಿಕಿ ಆಗಿ ಯಾರೋ ಪರಿಚಯದವರದು ಅಂದೆ. ಡಾಕ್ಟರಬಾಯಿ ಸಮಾಧಾನಲೇ ಹೇಳಿದ್ರು. ಒಂದ ತಾಟಿನ್ಯಾಗ ಉಂಡ್ರ, ಮುಟ್ಟಿದ್ರ ಹತ್ತೂ ರೋಗ ಅಲ್ಲಂತ ಅದು. ನಾಕ ದಿನಕ್ಕ ಮಾಡಿಸಿದ ಟೆಸ್ಟ್ ನಂಬಾಕ ಬರಂಗಿಲ್ಲಂತ. ರೋಗ ಮೈಯಾಗ ಹೊಕ್ಕಿದ್ರೂ ಟೆಸ್ಟಿನ್ಯಾಗ ಕಾಣಾಕ ವಾರಗಟ್ಟಲೆ ಬೇಕು, ಆರು ವಾರ ತುಂಬಿದಾಗ ಒಮ್ಮೆ, ಮೂರು ತಿಂಗಳ ತುಂಬಿದ ಮ್ಯಾಲೆ ಮತ್ತೊಮ್ಮೆ ಮಾಡಸಬೇಕು. ಮೂರು ದಿನದ ಒಳಗ ಹೋಗಿದ್ರ ತಡಿಯೂ ಗುಳಗಿ ಕೊಡತಿದ್ರಂತ, ಆ ಹೊತ್ತ ದಾಟಿತು. ಒಂದ ವೇಳೆ ಬಂದಿದ್ರೂ ದಿನಾ ಔಷಧ ತಗೊಂಡು ಮಂದಿ ಹಂಗ ಬಾಳೇ ಮಾಡ್ತಾರಂತ. ಮನಿಗೆ ಬಂದು ತಾಟು ತಂದು ತೊಳದ ಇಟ್ಟೆ. ಹೇಸಿಗಿ ಹೋಗಲಿಲ್ಲ.

ಇದನ್ನೆಲ್ಲಾ ಫೋನಿನ್ಯಾಗ ಹೇಳಿದ್ರ ನೀ ಏನಂದಿ? "ಅಕ್ಕಾ, ಮೊದಲ ಮದುವಿ ಮುಗಿಲಿ, ಆಮ್ಯಾಲೆ ಮಾಡಸ್ತೇನಿ. ಏನರ ಬಂದ್ರ ಪದ್ಮಶ್ರೀಯಿಂದ ಬಂತು ಅಂದ್ರಾತು." ಮಾಲಿಂಗಾ, ಕುಡದಾಗ ತಪ್ಪು ಆಗತೈತಿ ಅಂತ ನಾನೂ ತಡಕೊಂಡಿದ್ದೆ. ಈ ಮಾತು ನೀ ಕುಡದ ಆಡಲಿಲ್ಲ.

ಅಪ್ಪಗ ನನ್ನ ಆಪರೇಷನ್ ಐತಿ ಅಂತ ಸುಳ್ಳ ಹೇಳಿ ಮದುವಿ ಮುಂದಕ್ಕ ಹಾಕಿಸೇನಿ. ಆರು ವಾರ ತುಂಬಿದ ಕೂಡ್ಲೇ ಗೋಕಾಕಕ್ಕ ಬಾ, ಒಬ್ಬನ್ನ ಕಳಸಂಗಿಲ್ಲ, ಬಾಜೂಕ ನಾ ಕುಂದರತೇನಿ. ನಿನಗ ಏನೂ ಆಗಿರಬಾರದು ಅಂತ ದಿನಾ ಪೂಜ್ಯಾಗ ಬೇಡಕೋತೇನಿ, ಬೇಡಕೋತನ ನಿನ್ನ ಮ್ಯಾಲೆ ಸಿಟ್ಟು ಬರತೈತಿ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನಗ ಆರೋಗ್ಯ ಕೊಡಲಿ, ಅದಕಿಂತ ಮೊದಲ ಬುದ್ಧಿ ಕೊಡಲಿ.

ಇಂತಿ ನಿನ್ನ ಅಕ್ಕ,
ಶೈಲಾ

ತಾ.ಕ.: ಪಾಕೀಟು ಅಂಟಸೂದರಾಗ ಪದ್ಮಶ್ರೀ ಫೋನ್ ಬಂತು. "ಆಪರೇಷನ್ ಅಂತಲ್ರಿ ಅಕ್ಕಾ, ನಾ ಬಂದು ನಾಕ ದಿನ ಅಡಗಿ ಮಾಡಿ ಹಾಕ್ಲೇನ್ರಿ?" ಅಂದ್ಲು. ಅಂಥಾಕಿಗೆ ಸುಳ್ಳ ಹೇಳಾಕ ನನ್ನ ಕೈಲೆ ಆಗಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಒಂದ ಮಾತು ಕೇಳಿದ್ಲು: "ನೀವು ಹೇಳದಿದ್ರ, ಅವರು ನನಗ ಯಾವತ್ತರ ಹೇಳತಿದ್ರೇನ್ರಿ?" ಉತ್ತರಾ ನಿನ್ನ ಬಾಯಿಲೇ ಕೇಳಬೇಕಂತ. ಬರೂ ಐತವಾರ ತನ್ನ ತಂದೀನ ಕರಕೊಂಡು ನಿನ್ನ ಖೋಲಿಗೆ ಬರಾಕತ್ತಾಳ.