ದಾಯಿ ಕಾಶಿಬಾಯಿಯ ಏಳು ವರ್ಷ

ವಜೀಫಾ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ದಾಯಿ ಕಾಶಿಬಾಯಿಯವರಿಗೆ ನಿವೃತ್ತಿಯ ವಜೀಫಾ, ಈಗಿನ ಮಾತಿನಲ್ಲಿ ಪಿಂಚಣಿ, ಕೊಡಲು ಬರುವುದಿಲ್ಲವೆಂಬ ನಿಮ್ಮ ಉತ್ತರ ಐದೇ ವಾರದಲ್ಲಿ ಬಂದು ಮುಟ್ಟಿತು. ಕೊಡುವ ಕಾಗದಕ್ಕೆ ವರ್ಷಗಟ್ಟಲೆ ಹಿಡಿಯುವ ಕಚೇರಿಯಿಂದ ಇಲ್ಲವೆನ್ನುವ ಕಾಗದ ಇಷ್ಟು ಚುರುಕಾಗಿ ಹೊರಟದ್ದು ಹೊಸ ಆಡಳಿತದ ಗುಣವಿರಬಹುದು. ವಜೀಫಾಕ್ಕೆ ಇಪ್ಪತ್ತೈದು ವರ್ಷದ ನೌಕರಿ ಬೇಕು, ಈಕೆಯದು ಇಪ್ಪತ್ತೇ. ಮೊದಲ ಏಳು ವರ್ಷ ಹಂಗಾಮಿಯಾದ್ದರಿಂದ ಲೆಕ್ಕಕ್ಕೆ ಹಿಡಿಯಲಾಗದು ಎಂದಿದ್ದೀರಿ. ಅಷ್ಟಕ್ಕೆ ನಿಲ್ಲಿಸದೆ, 'ಅರ್ಜಿದಾರಳು ತನ್ನ ಮುಪ್ಪಿನ ವ್ಯವಸ್ಥೆಯನ್ನು ತಾನೇ ಮೊದಲು ಯೋಚಿಸಬೇಕಿತ್ತು' ಎಂಬ ಉಪದೇಶವನ್ನೂ ಸೇರಿಸಿದ್ದೀರಿ. ಆ ಒಂದು ಸಾಲಿಗೆ ಈ ಉತ್ತರ. ಆಕೆ ಯೋಚಿಸಿದ್ದರು. ಅದನ್ನು ಕೆಡಿಸಿದವನು ನಾನು.

ಜೇವರ್ಗಿ ಬಳಿಯ ಒಂದು ಸರಕಾರಿ ದವಾಖಾನೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಕಾಶಿಬಾಯಿ ಆಳಂದ ತಾಲೂಕಿನ ಮಟಕಿಯವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ, ೧೯೨೧ರಲ್ಲಿ, ನಮ್ಮಲ್ಲಿ ಹೆರಿಗೆ ಮಾಡಿಸುವ ದಾಯಿಯಾಗಿ ಸೇರಿದರು. ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಆಕೆಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತು. ಹಾಗಾಗಿ ಆಕೆಯ ನೌಕರಿಯೆಂದರೆ ನಾನು ಬರೆದದ್ದು, ನಾನು ಓದಿ ಹೇಳಿದ್ದು.

ಸೇರಿ ಹದಿನೈದು ವರ್ಷವಾದಾಗ ಆಕೆ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಣ್ಣಾರ, ಬಾಜಾರದ ಹಿಂದ ಎರಡು ಖೋಲಿ ಮನಿ ಮಾರಾಕತ್ಯಾರ. ನಾ ಕೂಡಿಸಿಟ್ಟ ರೊಕ್ಕ ಸಾಕಾಗತದ. ಒಂದು ಖೋಲಿದಾಗ ಇರ್ತೇನಿ, ಒಂದು ಬಾಡಿಗಿ ಕೊಡ್ತೇನಿ. ಕೈಕಾಲು ನಿಂತಮ್ಯಾಗ ಊಟಕ್ಕಾಗತದ. ತಗೊಳ್ಳಲೇನ್ರಿ?"

ಮುಪ್ಪಿನ ಯೋಚನೆ ಇದಲ್ಲದೆ ಇನ್ನೇನು? ನಾನು ನಕ್ಕೆ. "ವಜೀಫಾ ಬರೂದು ಇಟ್ಕೊಂಡು ಮಣ್ಣಿನ ಗ್ವಾಡಿ ಮ್ಯಾಲ ಯಾಕ ರೊಕ್ಕ ಹಾಕ್ತೀಯವಾ? ಸರಕಾರ ಅದ. ನಾ ಅದೀನಿ" ಎಂದೆ. ಆಕೆ ನನ್ನ ಮಾತು ನಂಬಿದರು. ಆ ಹಣವನ್ನು ತಂಗಿಯ ಮಗಳ ಮದುವೆಗೆ, ತಂಗಿಯ ಕಾಯಿಲೆಗೆ ಕೊಟ್ಟರು. ಮನೆಯನ್ನು ಬೇರೆ ಯಾರೋ ಕೊಂಡರು.

ನಾನು ಆ ಮಾತು ಹೇಳುವಾಗ ಆಕೆಯ ವಜೀಫಾದ ದಾರಿ ಮುಚ್ಚಿ ಎಂಟು ವರ್ಷವಾಗಿತ್ತು. ೧೯೨೮ರಲ್ಲಿ ನಮ್ಮ ಡಾಕ್ಟರು, ಹಂಗಾಮಿಯಾಗಿ ದುಡಿದ ವರ್ಷಗಳನ್ನು ಕಾಯಂ ನೌಕರಿಗೆ ಸೇರಿಸಬೇಕೆಂದು ಇಬ್ಬರ ಪರವಾಗಿ ಶಿಫಾರಸು ಬರೆದುಕೊಟ್ಟಿದ್ದರು. ಒಂದು ಕಾಶಿಬಾಯಿಯದು, ಒಂದು ನನ್ನದು. ನನ್ನದನ್ನು ನಾನೇ ಕಲಬುರ್ಗಿಗೆ ಒಯ್ದು, ಎರಡು ದಿನ ಕಚೇರಿಯ ಕಟ್ಟೆಯ ಮೇಲೆ ಕೂತು, ಮೊಹರು ಬಿದ್ದದ್ದನ್ನು ಕಣ್ಣಾರೆ ಕಂಡು ಬಂದೆ. ಆಕೆಯದನ್ನು ಬರುವ ವಾರದ ಟಪಾಲಿಗೆ ಹಾಕೋಣವೆಂದು ಕಟ್ಟಿನಲ್ಲಿಟ್ಟೆ. ಆ ವಾರ ಬರಲಿಲ್ಲ. ಆಕೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ನನ್ನ ಮುಪ್ಪು ಭದ್ರವಾಗಿತ್ತು, ಅಷ್ಟೇ.

ಈ ವರ್ಷದ ಬೇಸಿಗೆಯಲ್ಲಿ ಹಳೆಯ ಸರಕಾರದ ಪರದವರ ಗಲಾಟೆ ಹೆಚ್ಚಿ, ಊರವರು ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಕಡೆ ಹೊರಟಾಗ ಡಾಕ್ಟರರೂ ಹೋದರು. ನಿವೃತ್ತಿಯ ದಿನ ಕಳೆದಿದ್ದ ಕಾಶಿಬಾಯಿ ಹೋಗಲಿಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂಬಳವಿಲ್ಲದೆ ದವಾಖಾನೆ ನಡೆಸಿದರು. ಸೆಪ್ಟೆಂಬರಿನಲ್ಲಿ ಆ ಸರಕಾರವನ್ನು ಇಳಿಸಲು ಸೈನ್ಯ ಬಂದ ವಾರ, ಹೆದರಿಕೊಂಡು ಬಾಗಿಲು ಹಾಕಿಕೊಂಡಿದ್ದ ನೆರೆಯ ಅಖ್ತರಬೇಗಂ ಅವರ ಹೆರಿಗೆ ಮಾಡಿಸಿದವರೂ ಈಕೆಯೇ. ಆ ತಿಂಗಳುಗಳನ್ನು ನೀವು ಯಾವ ಖಾನೆಯಲ್ಲಿ ತುಂಬುತ್ತೀರಿ? ಹಂಗಾಮಿಯೋ, ಕಾಯಮೋ?

ಅಕ್ಟೋಬರಿನಲ್ಲಿ ಆಕೆ ಅರ್ಜಿ ಬರೆಸಲು ನಮ್ಮ ಮನೆಗೆ ಬಂದರು. ಹೊಸ ಸರಕಾರ ಹಳೆಯ ಕಾಗದ ಕೇಳೀತೆಂದು ಹೆದರಿ ನಾನು ಅದೇ ಹೊತ್ತಿಗೆ ಸಂದೂಕದಲ್ಲಿ ನನ್ನ ಪತ್ರಗಳನ್ನು ಹುಡುಕುತ್ತಿದ್ದೆ. ನಿವೃತ್ತನಾದ ದಿನ ಮೇಜಿನಿಂದ ಕಟ್ಟಿ ತಂದಿದ್ದ ಗಂಟಿನಲ್ಲಿ ಆಕೆಯ ಶಿಫಾರಸು ಸಿಕ್ಕಿತು. ಡಾಕ್ಟರರ ಸಹಿ, ಕೆಳಗೆ 'ಮುಟ್ಟಿದೆ' ಎಂದು ನನ್ನ ಸಹಿ. ಕಾಶಿಬಾಯಿ ಪಡಸಾಲೆಯಲ್ಲಿ ಕೂತು ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದರು. ಇದು ಹೊರಗೆ ಬಂದರೆ ನನ್ನ ವಜೀಫಾಕ್ಕೇ ಕುತ್ತು ಬರುತ್ತದೆ ಎನಿಸಿತು. ಕಾಗದವನ್ನು ಮತ್ತೆ ಒಳಗಿಟ್ಟೆ. ಹೊರಗೆ ಬಂದು, ಅದಿಲ್ಲದೆಯೇ ಅರ್ಜಿ ಬರೆದು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ.

ನಿಮ್ಮ ಉತ್ತರವನ್ನು ಓದಿ ಹೇಳಿದವನೂ ನಾನೇ. "ನೀವು ಬರದದ್ರಾಗ ತಪ್ಪಿರಂಗಿಲ್ರಿ ಅಣ್ಣಾರ. ನನ್ನ ನಸೀಬು" ಎಂದು ಎದ್ದು ಹೋದರು. ಮರುವಾರ ಹೆರಿಗೆಯ ಚೀಲ ಹಿಡಿದು ಹಳ್ಳಿಹಳ್ಳಿ ನಡೆಯಲು ಶುರುಮಾಡಿದರು. ಅರವತ್ತರ ಆಚೆಯ ಮೊಣಕಾಲು. ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತಿದ್ದರು; ನಾನು ಒಳಗೆ ಸರಿಯುತ್ತಿದ್ದೆ. ಹೀಗೆ ಎರಡು ವಾರ. ಆಮೇಲೆ ತಡೆಯಲಾಗದೆ ಕಾಗದ ಹಿಡಿದು ಆಕೆಯ ಬಾಡಿಗೆ ಖೋಲಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಆಕೆ ಕಾಗದವನ್ನು ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿದರು. ಬಳಿಕ ಕೇಳಿದರು: "ಇದು ನಿಮ್ಮ ಕೈಗಿ ಸಿಕ್ಕು ಎಷ್ಟು ದಿನ ಆಯ್ತರಿ?"

"ಎರಡು ತಿಂಗಳವಾ."

"ಇಪ್ಪತ್ತು ವರ್ಷದ್ದು ಮರವು ಅಂತ ತಿಳ್ಕೋತೇನಿ. ಎರಡು ತಿಂಗಳದ್ದು ಮರವು ಅಲ್ಲರಿ ಅಣ್ಣಾರ."

ಕ್ಷಮಿಸು ಎಂದು ಕೇಳುವ ಧೈರ್ಯ ಬರಲಿಲ್ಲ. ಬಂದಿದ್ದರೂ ಅವರು ಕ್ಷಮಿಸುತ್ತಿರಲಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಡಾಕ್ಟರರ ಶಿಫಾರಸನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಆ ಏಳು ವರ್ಷವನ್ನು ಸೇರಿಸಿ ಕಾಶಿಬಾಯಿಯವರಿಗೆ ವಜೀಫಾ ಮಂಜೂರು ಮಾಡಿ. ತಡವಾದದ್ದಕ್ಕೆ ಯಾರನ್ನಾದರೂ ದಂಡಿಸಬೇಕೆಂದಿದ್ದರೆ ನನ್ನ ಹೆಸರು, ವಿಳಾಸ ಕೆಳಗಿದೆ. ನನ್ನ ವಜೀಫಾದಿಂದಲೇ ಮುರಿದುಕೊಳ್ಳಿ. ಇದರ ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ನಿಮ್ಮಲ್ಲಿಯೂ ಗುಮಾಸ್ತರಿದ್ದಾರೆ, ಕಟ್ಟುಗಳಿವೆ, ಬರುವ ವಾರಗಳಿವೆ.

ಕಳಿಸುವ ಮೊದಲು ಇದನ್ನು ಆಕೆಗೆ ಓದಿ ಹೇಳಿದೆ. ಒಂದು ಕಡೆ 'ದಿಕ್ಕಿಲ್ಲದ ಈ ಮುದುಕಿಗೆ ದಯೆ ತೋರಿ' ಎಂದು ಬರೆದಿದ್ದೆ. ಅಲ್ಲಿ ತಡೆದರು.

"ಅದನ್ನ ಹೊಡದು ಹಾಕ್ರಿ. ನಾ ದಯಾ ಬೇಡಾಕತ್ತಿಲ್ಲ. ನೌಕರಿ ಮಾಡೇನಿ."

ಹೊಡೆದು ಹಾಕಿದ್ದೇನೆ.

ಇಂತಿ,
ಈ ತಿಂಗಳ ವಜೀಫಾವನ್ನೂ ತಪ್ಪದೆ ಎಣಿಸಿಕೊಂಡ
ಕಲ್ಯಾಣಪ್ಪ, ನಿವೃತ್ತ ಗುಮಾಸ್ತ
ಜೇವರ್ಗಿ, ಡಿಸೆಂಬರ್ ೧೯೪೮