ಮೊಳೆಯಿಲ್ಲದ ಚಪ್ಪಲಿ

ಅಪ್ಪಾ,

ನಿಮ್ಮ ಸುಗುಣ ಬರೆಯುತ್ತಿದ್ದೇನೆ. ನೀವು ತೀರಿಹೋಗಿ ಎರಡು ವರ್ಷವಾಯಿತು. ಇದ್ದಾಗ ನೆಟ್ಟಗೆ ಮುಖ ಕೊಟ್ಟು ಮಾತಾಡದವಳು ಈಗ ಕಾಗದ ಬರೆಯಲು ಕೂತಳಲ್ಲ ಎಂದು ನಗಬೇಡಿ. ಕಳೆದ ಶನಿವಾರ ಒಂದು ಸಂಗತಿ ನಡೆಯಿತು. ಅಮ್ಮನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದಳು. ಇನ್ನು ಹೇಳಬೇಕಾದ್ದು ನಿಮಗೊಬ್ಬರಿಗೇ.

ಮೈಲಾಪೂರಿನ ಮನೆ ತೋರಿಸಲು ನಮ್ಮನ್ನು ಕರೆದುಕೊಂಡು ಹೋದ ದಿನ ನಿಮಗೆ ನೆನಪಿದೆಯೇ? ಮಂಗಳೂರಿನಿಂದ ಬಂದು ಮೌಂಟ್ ರೋಡಿನ ಬೂಟಿನಂಗಡಿ ಸೇರಿದವರು ನೀವು. ದೊರೆಗಳು ಹಡಗು ಹತ್ತಿ ಹೋದ ಮೇಲೂ ದೊಡ್ಡವರ ಕಾಲಿನ ಅಳತೆಗೆ ನೀವೇ ಬೇಕಿತ್ತು. ಮೈಲಾಪೂರಿನಲ್ಲಿ ಹೊಸ ಅಂಗಡಿ ತೆರೆದಾಗ ನೀವೇ ಮ್ಯಾನೇಜರು, ಮಹಡಿಯ ಮೇಲಿನ ಮನೆಯೂ ನಿಮಗೇ ಎಂದಿದ್ದರು ಮಾಲೀಕರು. ಆ ಮನೆಯ ಒಳಗೇ ನಲ್ಲಿ ಇತ್ತು! ನಾನು ತಿರುಗಿಸಿ ತಿರುಗಿಸಿ ನೋಡಿ ಅಮ್ಮನಿಂದ ಬೈಸಿಕೊಂಡೆ. ವೆಸ್ಟ್ ಮಾಂಬಲಂನ ಒಂದೇ ಕೋಣೆಯಲ್ಲಿದ್ದುಕೊಂಡು, ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಜಗಳವಾಡುತ್ತಿದ್ದ ಹದಿನಾಲ್ಕರ ಹುಡುಗಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಅಂಗಡಿ ತೆರೆಯಲು ಇನ್ನೂ ಒಂದು ವರ್ಷವಿತ್ತು. ಊರಾಚೆಯ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಚಪ್ಪಲಿ ಮಾಡುವವರು ಯಾರೂ ಇಲ್ಲ ಎಂದು ಒಂದು ಭಾನುವಾರ ಸಭಾಪಾಲಕರು ಆರಾಧನೆ ಮುಗಿದ ಮೇಲೆ ಹೇಳಿದರು. ಒಂದೇ ಒಂದು ವರ್ಷ ಕರ್ತನಿಗೆ ಕೊಟ್ಟು ಬರ್ತೇನೆ ಎಂದು ನೀವು ಅಮ್ಮನಿಗೆ ಮಾತು ಕೊಟ್ಟಿರಿ. ಅಮ್ಮ ಒಪ್ಪಿದಳು. ನಾನು ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕತೊಡಗಿದೆ.

ವರ್ಷ ತುಂಬಲು ಒಂದು ವಾರ ಉಳಿದಿತ್ತು. ಅಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ನೀವು ಬಂದವರೇ ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಿರಿ. ಆಸ್ಪತ್ರೆಯಲ್ಲಿ ನಿಮ್ಮಿಂದ ಚಪ್ಪಲಿ ಮಾಡಿಸಿಕೊಂಡ ಕನ್ನಿಯಮ್ಮ ಎಂಬ ಹೆಂಗಸು ದಿನವಿಡೀ ನೀರು ಹೊತ್ತಿದ್ದಳು. ಸಂಜೆ ಚಪ್ಪಲಿ ಬಿಡಲು ಹೋದರೆ ಅದು ಕಾಲು ಬಿಟ್ಟು ಬರಲೇ ಇಲ್ಲ. ಅಂಗಡಿಯ ಬೂಟಿನಂತೆ ಚೆಂದ ಕಾಣಲಿ ಎಂದು ನೀವು ಹೊಡೆದ ಸಣ್ಣ ಮೊಳೆಗಳಲ್ಲಿ ಒಂದು ಎದ್ದು ಅಂಗಾಲಿಗೆ ಇಳಿದಿತ್ತು. "ವಲಿಕ್ಕವೇ ಇಲ್ಲೆ ಮಾಸ್ಟರ್" ಎಂದು ಅವಳು ನಕ್ಕಳಂತೆ. ನೋಯಲೇ ಇಲ್ಲವಂತೆ. ನೋವು ತಿಳಿಯುವ ಶಕ್ತಿಯನ್ನೇ ಕಾಯಿಲೆ ತಿಂದುಹಾಕಿತ್ತು.

"ಅವಳಿಗೆ ನೋವೇ ಆಗ್ಲಿಲ್ಲ ಮಗಾ. ಮೊಳೆ ಹೊಡೆದವ ನಾನು" ಎಂದಿರಿ ನನಗೆ. ಮರುದಿನ ಮಾಲೀಕರಿಗೆ ಬರುವುದಿಲ್ಲವೆಂದು ಹೇಳಿ ಬಂದಿರಿ. ಅಮ್ಮ ಪಾತ್ರೆಗಳನ್ನು ಗೋಣಿಯಿಂದ ತೆಗೆದು ಮತ್ತೆ ಗೂಡಿಗೆ ಜೋಡಿಸಿದಳು. ಅವಳು ಹೇಗೋ ನುಂಗಿಕೊಂಡಳು. ನಾನು ಮಾತ್ರ ನಿಮ್ಮನ್ನು ಕ್ಷಮಿಸಲಿಲ್ಲ ಅಪ್ಪಾ.

ನಿಮ್ಮ ಕಣ್ಣಿಗೆ ಪೊರೆ ಬಂದ ವರ್ಷ ನಾನು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಆ ಹೊತ್ತಿಗೆ ನೀವು ಮೊಳೆ ಮುಟ್ಟುವುದನ್ನೇ ಬಿಟ್ಟು ಬರೀ ದಾರದಲ್ಲಿ ಹೊಲಿಯುತ್ತಿದ್ದಿರಿ. ಆಸ್ಪತ್ರೆಯಲ್ಲಿ ಒಬ್ಬರ ಎರಡು ಕಾಲೂ ಒಂದೇ ಥರ ಇರುವುದಿಲ್ಲವೆಂದು ಪ್ರತಿ ಕಾಲನ್ನೂ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಿದ್ದಿರಿ. ಆ ಗೆರೆಯೇ ಕಾಣದಾದಾಗ ನನ್ನನ್ನು ಕೇಳಿದಿರಿ, ಶನಿವಾರ ಒಂದು ಗಂಟೆ ಬಂದು ಎಳೆದುಕೊಟ್ಟರೆ ಸಾಕು ಎಂದು. ನಾನೇನು ಹೇಳಿದೆ? "ನಮ್ಮ ಮನೆ ಕಿತ್ತುಕೊಂಡ ಕಾಲುಗಳವು. ನಾನು ಮುಟ್ಟೋದಿಲ್ಲ." ಆಗಲಿ ಎಂದು ನೀವು ಪೆನ್ಸಿಲ್ ಕೆತ್ತುತ್ತ ಕೂತಿರಿ. ಮತ್ತೆಂದೂ ಕೇಳಲಿಲ್ಲ. ಒಂದು ಸಲ ಬೈದಿದ್ದರೂ ನನಗೆ ಇಷ್ಟು...

ಶನಿವಾರ ನಿಮ್ಮ ಉಳಿ, ದಬ್ಬಳಗಳನ್ನು ಆಸ್ಪತ್ರೆಗೆ ಕೊಟ್ಟು ಬಾ ಎಂದು ಅಮ್ಮ ಕಳಿಸಿದಳು. ಕೊಟ್ಟು ಮುಂದಿನ ರೈಲಿಗೇ ಮರಳುವವಳಿದ್ದೆ. ಜಗಲಿಯಲ್ಲಿ ಕನ್ನಿಯಮ್ಮ ಕಾಗದ ಹಾಸಿಕೊಂಡು ಕೂತಿದ್ದಳು. ಹೊಸ ಮಾಸ್ಟರ್ ರಬ್ಬರ್ ಕತ್ತರಿಸುತ್ತಿದ್ದರು, ಅವರಿಗೆ ಪುರುಸೊತ್ತಿರಲಿಲ್ಲ. ನಾನು ಗೆರೆ ಎಳೆಯಲೇ ಎಂದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ವೇಂಡಾಮ್ಮಾ", ಬೇಡ, ಎಂದಳು. ನಾನು ಕೂತು ಹಿಮ್ಮಡಿ ಹಿಡಿದೆ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆ? ಅದು ಬೆಚ್ಚಗಿದ್ದ ಒಂದು ಕಾಲು, ಅಷ್ಟೆ. ಕಿರುಬೆರಳಿರಲಿಲ್ಲ, ಅಲ್ಲಿ ಪೆನ್ಸಿಲ್ ನೇರ ಹೋಯಿತು.

ಗೆರೆ ಮುಗಿಸಿ ಕಾಲೆತ್ತಿದಾಗ ಅಂಗಾಲಿನ ನಡುವೆ ಹುಣಿಸೆಬೀಜದಷ್ಟು ಹಳೆಯ ಗಾಯದ ಕಲೆ ಕಂಡಿತು. ನನ್ನ ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಯಿತು. ಅವಳಿಗೆ ತಿಳಿಯುವಂತಿರಲಿಲ್ಲ, ಆದರೆ ನೋಡುತ್ತಿದ್ದಳು. ಪ್ರತಿ ಸಲ ಅಳತೆ ತೆಗೆದಾಗಲೂ ಹಳೆಯ ಮಾಸ್ಟರ್ ಅಲ್ಲೇ ಕೈಯಿಟ್ಟು, ಆಮೇಲೇ ಕಾಲನ್ನು ಕೆಳಗಿಡುತ್ತಿದ್ದರು ಎಂದಳು. ಅಪ್ಪಾ, ನಾನು ಅಲ್ಲೇ ಅತ್ತುಬಿಟ್ಟೆ.

ನಿಮಗೆ ಸುಳ್ಳು ಹೇಳಲಾರೆ. ಬಸ್ಸಿನಲ್ಲಿ ಆ ಮೈಲಾಪೂರಿನ ಮನೆ ದಾಟುವಾಗ ಈಗಲೂ ಕತ್ತು ತಿರುಗುತ್ತದೆ, ಆ ನಲ್ಲಿಯ ಮೇಲಿನ ಆಸೆ ಹೋಗಿಲ್ಲ. ಆದರೂ ಬರುವ ಶನಿವಾರ ಐದು ಜನರ ಕಾಲಿನ ಗೆರೆ ಎಳೆಯುವುದಿದೆ, ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಒಂದು ವರ್ಷ ಮಾತ್ರ ಎಂದು ಹೇಳಿಲ್ಲ.

ನಿಮ್ಮ ಪೆನ್ಸಿಲನ್ನೇ ಕೆತ್ತಿಟ್ಟುಕೊಂಡಿದ್ದೇನೆ.

ನಿಮ್ಮ ಮಗಳು,
ಸುಗುಣ